ಝಾರ್ ಕಾಲದ ರಷ್ಯಾ ನಿಜಕ್ಕೂ ಹಿಂದುಳಿದಿತ್ತೇ?

ಪ್ರಶ್ನೆ: ನಾನು ಧಾರವಾಡದ ಪದವಿ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಮ್ಮ ಪಠ್ಯದಲ್ಲಿ ಕ್ರಾಂತಿಗೆ ಮುಂಚಿನ ರಷ್ಯಾ ಎಂದರೆ ಮರದ ನೇಗಿಲು, ಅನಕ್ಷರಸ್ಥ ರೈತ, ಹಿಂದುಳಿದ ಕೃಷಿ ದೇಶ, ಅಷ್ಟೇ. ಬೇರೆ ಕಡೆ ಓದಿದರೆ 1913ರ ಹೊತ್ತಿಗೆ ಅದು ಜಗತ್ತಿನ ಐದನೇ ದೊಡ್ಡ ಕೈಗಾರಿಕಾ ದೇಶ ಎಂದಿದೆ. ವಿದ್ಯಾರ್ಥಿಗಳಿಗೆ ಯಾವುದನ್ನು ಹೇಳಲಿ? ಅಷ್ಟು ಬೆಳೆಯುತ್ತಿದ್ದ ದೇಶ 1917ರಲ್ಲಿ ಯಾಕೆ ಕುಸಿಯಿತು? ಇನ್ನೊಂದು: ರೈಲು, ಕಾರ್ಖಾನೆಗಳಿಗೆಲ್ಲ ವಿದೇಶಿ ಸಾಲ ತಂದಿದ್ದರಂತೆ. ಆ ಸಾಲ ಕೊನೆಗೆ ಏನಾಯಿತು?

ಉತ್ತರ: ಎರಡನ್ನೂ ಹೇಳಿ, ಎರಡೂ ನಿಜ. 1913ರಲ್ಲಿ ಕೈಗಾರಿಕಾ ಉತ್ಪಾದನೆಯಲ್ಲಿ ಅಮೆರಿಕ, ಜರ್ಮನಿ, ಬ್ರಿಟನ್, ಫ್ರಾನ್ಸ್ ಆದ ಮೇಲಿನ ಜಾಗ ರಷ್ಯಾದ್ದೇ. ಜಗತ್ತಿನ ಒಟ್ಟು ಕೈಗಾರಿಕಾ ಉತ್ಪಾದನೆಯಲ್ಲಿ ಅದರ ಪಾಲು ನೂರಕ್ಕೆ ಐದಕ್ಕಿಂತ ತುಸು ಹೆಚ್ಚು. ಆದರೆ ಅದನ್ನು ಹದಿನಾರು ಹದಿನೇಳು ಕೋಟಿ ಜನರಿಗೆ ಹಂಚಿ ನೋಡಿದರೆ ತಲೆಗೆ ದಕ್ಕುವುದು ಬಹಳ ಕಡಿಮೆ. 1897ರ ಜನಗಣತಿಯಲ್ಲಿ ಸಾಮ್ರಾಜ್ಯದ ಜನಸಂಖ್ಯೆ ಹನ್ನೆರಡೂವರೆ ಕೋಟಿ ದಾಟಿತ್ತು. ಅದರಲ್ಲಿ ಓದು ಬಲ್ಲವರು ನೂರಕ್ಕೆ 21, ಪಟ್ಟಣದಲ್ಲಿ ಇದ್ದವರು ನೂರಕ್ಕೆ 13ರ ಆಸುಪಾಸು. ಹೀಗಾಗಿ ಪಠ್ಯಪುಸ್ತಕವೂ ಸುಳ್ಳಲ್ಲ, ನೀವು ಬೇರೆ ಕಡೆ ಓದಿದ್ದೂ ಸುಳ್ಳಲ್ಲ.

ವಿದ್ಯಾರ್ಥಿಗಳಿಗೆ ಇದಕ್ಕಿಂತ ಮುಖ್ಯವಾಗಿ ತಿಳಿಯಬೇಕಾದದ್ದು ಬೇರೆ ಇದೆ. ಕೈಗಾರಿಕೆ ಬೆಳೆಯಲಿಲ್ಲ ಎಂಬ ಕಾರಣಕ್ಕೆ ಆ ರಾಜ್ಯ ಬೀಳಲಿಲ್ಲ. ಸರಕು ಓಡಾಡಲು, ಬಂಡವಾಳ ಒಳಗೆ ಬರಲು, ಯಂತ್ರ ಕೂರಿಸಲು ಝಾರ್ ಸರ್ಕಾರ ಚೆನ್ನಾಗಿಯೇ ದಾರಿ ಮಾಡಿಕೊಟ್ಟಿತು. ಆ ಯಂತ್ರದ ಮುಂದೆ ನಿಂತ ಮನುಷ್ಯನಿಗೆ ಮಾತ್ರ ಕಾನೂನಿನಲ್ಲಿ ಒಂದು ಜಾಗ ಮಾಡಿಕೊಡಲಿಲ್ಲ. ವರ್ಷಗಟ್ಟಲೆ ಕಾರ್ಖಾನೆಯಲ್ಲಿ ದುಡಿದವನೂ ಸರ್ಕಾರದ ದಫ್ತರದಲ್ಲಿ ಯಾವುದೋ ಹಳ್ಳಿಯ ರೈತನೇ. ಇಡೀ ಕಥೆಯನ್ನು ನಾನು ಈ ಗಂಟಿನಿಂದಲೇ ಓದುತ್ತೇನೆ.

ಗಂಟು ಬಿದ್ದದ್ದು 1861ರಲ್ಲಿ. ಅದಕ್ಕೆ ಮುಂಚೆ ಕ್ರಿಮಿಯಾ ಯುದ್ಧದಲ್ಲಿ ರಷ್ಯಾ ಸೋತಾಗ, ತನ್ನದೇ ನೆಲದಲ್ಲಿ ನಡೆದ ಯುದ್ಧಕ್ಕೆ ತನ್ನದೇ ಸೈನ್ಯವನ್ನು, ಮದ್ದುಗುಂಡನ್ನು ಸಾಗಿಸಲು ಆಗದ ಸ್ಥಿತಿ ಬಯಲಾಯಿತು. ಮಾಸ್ಕೋದ ದಕ್ಷಿಣಕ್ಕೆ ರೈಲೇ ಇರಲಿಲ್ಲ. ಇದಾದ ಮೇಲೆ 1861ರಲ್ಲಿ ಝಾರ್ ಎರಡನೇ ಅಲೆಕ್ಸಾಂಡರ್ ಜೀತ ಪದ್ಧತಿ ತೆಗೆದುಹಾಕಿದ. ಭೂಮಾಲೀಕರ ಕೈಕೆಳಗಿದ್ದ ಸುಮಾರು 2.3 ಕೋಟಿ ಜನ ಬಿಡುಗಡೆಯಾದರು. ಇದು ದೊಡ್ಡ ಕೆಲಸ, ಅದನ್ನು ಕಡಿಮೆ ಮಾಡಿ ಹೇಳಬಾರದು. ಆದರೆ ಜಮೀನು ಪುಕ್ಕಟೆ ಸಿಗಲಿಲ್ಲ. ಮಾಲೀಕನಿಗೆ ಸರ್ಕಾರ ಮೊದಲೇ ಹಣ ಕೊಟ್ಟಿತು. ಆ ಸಾಲವನ್ನು ರೈತ 49 ವರ್ಷ ಕಂತಿನಲ್ಲಿ, ಬಡ್ಡಿ ಸಮೇತ ತೀರಿಸಬೇಕಿತ್ತು. ಕಟ್ಟಬೇಕಾದ ಬೆಲೆ ಹಲವು ಕಡೆ ಜಮೀನಿನ ಪೇಟೆ ಬೆಲೆಗಿಂತ ಹೆಚ್ಚಾಗಿತ್ತು. ಒಳ್ಳೆಯ ಕಪ್ಪು ಮಣ್ಣಿನ ಪ್ರಾಂತ್ಯಗಳಲ್ಲಿ ಅದುವರೆಗೆ ಉಳುತ್ತಿದ್ದ ನೆಲದಲ್ಲೂ ಒಂದು ಪಾಲು ಮಾಲೀಕನಿಗೆ ಹೋಯಿತು.

ಕಂತು ಕಟ್ಟುವ ಹೊಣೆ ಒಬ್ಬೊಬ್ಬನ ಮೇಲಲ್ಲ, ಇಡೀ ಊರಿನ ಮೇಲೆ. ಮೀರ್ ಎಂಬ ಗ್ರಾಮ ಸಮುದಾಯ ಜಮೀನು ಹಂಚುತ್ತಿತ್ತು, ತೆರಿಗೆ ಎತ್ತುತ್ತಿತ್ತು. ಒಬ್ಬ ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಹಾಗಾದಾಗ ಊರು ಒಬ್ಬನನ್ನು ಸುಮ್ಮನೆ ಹೊರಗೆ ಬಿಡುತ್ತದೆಯೇ? ಪಟ್ಟಣಕ್ಕೆ ಕೆಲಸಕ್ಕೆ ಹೋಗುವ ರೈತನ ಹತ್ತಿರ ರಹದಾರಿ ಇರಬೇಕು. ಅದನ್ನು ಕೊಡುವುದು ಅವನ ಊರ ಕಡೆಯ ಕಚೇರಿ. ಅವಧಿ ಮುಗಿದರೆ ಮತ್ತೆ ಅಲ್ಲಿಂದಲೇ ಹೊಸದು ತರಿಸಬೇಕು. ಮಗ ಮನೆಗೆ ದುಡ್ಡು ಕಳಿಸದಿದ್ದರೆ ಅಪ್ಪ ರಹದಾರಿಗೆ ಒಪ್ಪಿಗೆ ಕೊಡುತ್ತಿರಲಿಲ್ಲ. ರಹದಾರಿ ಇಲ್ಲದವನನ್ನು ಪೊಲೀಸರು ಹಿಡಿದು ಊರಿಗೆ ಅಟ್ಟುತ್ತಿದ್ದರು. ಮಾಸ್ಕೋದ ನೇಯ್ಗೆ ಮಿಲ್ಲಿನಲ್ಲಿ ನಿಂತವನ ಕಾಲಿನ ಹಗ್ಗ ರ್‍ಯಾಜಾನ್ ಪ್ರಾಂತ್ಯದ ಯಾವುದೋ ಹಳ್ಳಿಯ ಗೂಟದಲ್ಲಿರುತ್ತಿತ್ತು. ಊರಿನ ಜಂಟಿ ಹೊಣೆ ರದ್ದಾದದ್ದು 1903ರಲ್ಲಿ. ಬಿಡುಗಡೆಯ ಕಂತುಗಳು ಪೂರ್ತಿ ಮನ್ನಾ ಆದದ್ದು 1907ರ ಜನವರಿಯಿಂದ, ಅದೂ 1905ರ ದಂಗೆಗಳಾದ ಮೇಲೆ.

ಇನ್ನು ರೈಲು. 1860ರಲ್ಲಿ ಇದ್ದದ್ದು ಸುಮಾರು 1,600 ಕಿ.ಮೀ. 1913ರ ಹೊತ್ತಿಗೆ ಸುಮಾರು 70,000 ಕಿ.ಮೀ. ಈ ಬೆಳವಣಿಗೆಯ ಹಿಂದೆ ಹಲವರಿದ್ದರೂ ಸೆರ್ಗೇಯ್ ವಿಟ್ಟೆಯ ಹೆಸರು ಹೇಳದೆ ಮುಂದೆ ಹೋಗಲಾಗದು. ಟಿಫ್ಲಿಸ್‌ನಲ್ಲಿ ಹುಟ್ಟಿ, ಒಡೆಸ್ಸಾದಲ್ಲಿ ಗಣಿತ ಓದಿ, ರೈಲ್ವೆಯ ಕೆಳಗಿನ ಹುದ್ದೆಗಳಿಂದ ಮೇಲೆ ಬಂದ ಮನುಷ್ಯ. 1888ರಲ್ಲಿ ಅವನು ನೈಋತ್ಯ ರೈಲ್ವೆಯ ಮುಖ್ಯಸ್ಥ. ಮೂರನೇ ಅಲೆಕ್ಸಾಂಡರನ ರೈಲು ಅವನ ಮಾರ್ಗದಲ್ಲಿ ಬಂದಾಗ, ಇಷ್ಟು ಭಾರದ ಗಾಡಿಯನ್ನು ಇಷ್ಟು ವೇಗದಲ್ಲಿ ಎಳೆದರೆ ಹಳಿ ತಡೆಯುವುದಿಲ್ಲ, ನಾನು ಬಿಡುವುದಿಲ್ಲ ಎಂದುಬಿಟ್ಟ. ದೊರೆಗೆ ಸಿಟ್ಟು ಬಂತು. ಸ್ವಲ್ಪ ದಿನಕ್ಕೇ, ಅಕ್ಟೋಬರಿನಲ್ಲಿ, ಖಾರ್ಕಿವ್ ಹತ್ತಿರದ ಬೋರ್ಕಿಯಲ್ಲಿ, ಬೇರೆ ಕಂಪನಿಯ ಮಾರ್ಗದಲ್ಲಿ ಅದೇ ರೈಲು ಹಳಿ ತಪ್ಪಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ರಾಜ ಕುಟುಂಬ ಬದುಕಿ ಉಳಿಯಿತು. ಮರುವರ್ಷ ವಿಟ್ಟೆ ರಾಜಧಾನಿ ಪೀಟರ್ಸ್‌ಬರ್ಗ್‌ನಲ್ಲಿ ರೈಲ್ವೆ ವ್ಯವಹಾರಗಳ ಇಲಾಖೆಯ ಮುಖ್ಯಸ್ಥನಾಗಿ ಕೂತಿದ್ದ. 1892ರಿಂದ 1903ರವರೆಗೆ ಹಣಕಾಸು ಮಂತ್ರಿ.

ಅವನ ಲೆಕ್ಕಾಚಾರ ಹೀಗಿತ್ತು. ಸರ್ಕಾರ ರೈಲು ಹಾಕಿಸಿದರೆ ಹಳಿ, ಇಂಜಿನ್, ಕಲ್ಲಿದ್ದಲಿಗೆ ಬೇಡಿಕೆ ಹುಟ್ಟುತ್ತದೆ. 1891ರ ಭಾರೀ ಸುಂಕದ ಗೋಡೆಯೊಳಗೆ ಆ ಬೇಡಿಕೆಯನ್ನು ದೇಶದ ಕಾರ್ಖಾನೆಗಳೇ ಪೂರೈಸಬೇಕು. ಬಂಡವಾಳ ಹೊರಗಿನಿಂದ ಬರಬೇಕಾದರೆ ರೂಬಲ್ ಅಲುಗಾಡಬಾರದು, ಹಾಗಾಗಿ 1897ರಲ್ಲಿ ಅದನ್ನು ಚಿನ್ನಕ್ಕೆ ಕಟ್ಟಿದ. 1899ರಲ್ಲಿ ಎರಡನೇ ನಿಕೋಲಸ್‌ಗೆ ಬರೆದ ಗುಪ್ತ ಟಿಪ್ಪಣಿಯಲ್ಲಿ, ಪಶ್ಚಿಮ ಯೂರೋಪಿನ ಎದುರು ರಷ್ಯಾದ ಸ್ಥಿತಿ ವಸಾಹತುಗಳಿಗೂ ಅವುಗಳ ಒಡೆಯ ದೇಶಗಳಿಗೂ ಇರುವ ಸಂಬಂಧದಂತೆಯೇ ಇದೆ ಎಂದು ನೇರವಾಗಿ ಹೇಳಿದ. ಒಂದೇ ವ್ಯತ್ಯಾಸ, ರಷ್ಯಾ ಸ್ವತಂತ್ರ ರಾಜ್ಯ, ಬೇಕಾದ ಸುಂಕ ಹಾಕುವ ಶಕ್ತಿ ಅದಕ್ಕಿದೆ. ಆ ಕಾಲದ ಭಾರತದ ಆರ್ಥಿಕ ಇತಿಹಾಸ ಕಲಿಸುವವರಿಗೆ ಈ ವಾಕ್ಯದ ತೂಕ ತಾನಾಗಿ ಗೊತ್ತಾಗುತ್ತದೆ.

ಫಲ ಕಂಡಿತು. 1890ರ ದಶಕದಲ್ಲಿ ಕೈಗಾರಿಕಾ ಉತ್ಪಾದನೆ ವರ್ಷಕ್ಕೆ ಸುಮಾರು ಶೇ. 8ರಂತೆ ಏರಿತು. ಬೀಡುಕಬ್ಬಿಣ 1890ರ ಸುಮಾರು 9 ಲಕ್ಷ ಟನ್‌ನಿಂದ 1900ಕ್ಕೆ 29 ಲಕ್ಷ ಟನ್ ಹತ್ತಿರ ಬಂತು. 1891ರಲ್ಲಿ ವ್ಲಾಡಿವಸ್ತೋಕ್‌ನಲ್ಲಿ ಶಂಕುಸ್ಥಾಪನೆಯಾದ ಸೈಬೀರಿಯಾ ರೈಲು ಹತ್ತು ಹದಿಮೂರು ವರ್ಷದಲ್ಲಿ ಖಂಡದ ಆ ತುದಿ ಮುಟ್ಟಿತು.

ದುಡ್ಡು ಎಲ್ಲಿಂದ ಬಂತು? ವಿಟ್ಟೆಗಿಂತ ಮುಂಚಿನ ಹಣಕಾಸು ಮಂತ್ರಿ ವಿಶ್ನೆಗ್ರಾದ್‌ಸ್ಕಿಯ ಹೆಸರಿನಲ್ಲಿ ಒಂದು ಮಾತು ಉಳಿದಿದೆ: ಅರೆಹೊಟ್ಟೆ ಉಣ್ಣೋಣ, ಆದರೆ ರಫ್ತು ಮಾಡೋಣ. ತೆರಿಗೆಯನ್ನು ಸುಗ್ಗಿ ಮುಗಿದ ಕೂಡಲೇ ಎತ್ತುತ್ತಿದ್ದರು. ಆಗ ಎಲ್ಲರೂ ಒಟ್ಟಿಗೆ ಧಾನ್ಯ ಮಾರಬೇಕು, ಬೆಲೆ ಬೀಳುತ್ತದೆ, ವ್ಯಾಪಾರಿ ಅಗ್ಗಕ್ಕೆ ಎತ್ತಿ ಒಡೆಸ್ಸಾ ಬಂದರಿಗೆ ಸಾಗಿಸುತ್ತಾನೆ. ಚಳಿಗಾಲದ ಕೊನೆಗೆ ಅದೇ ರೈತ ಹೆಚ್ಚಿನ ಬೆಲೆಗೆ ಕಾಳು ಕೊಳ್ಳಬೇಕು. 1891ರಲ್ಲಿ ವೋಲ್ಗಾ ಸುತ್ತಿನ ಪ್ರಾಂತ್ಯಗಳಿಗೆ ಮಳೆ ಕೈಕೊಟ್ಟಾಗ ಆ ಮನೆಗಳ ಕಣಜದಲ್ಲಿ ಏನೂ ಇರಲಿಲ್ಲ. ರಫ್ತು ನಿಷೇಧಿಸಲು ಆಗಸ್ಟ್ ಬಂತು. ಕ್ಷಾಮ, ಅದರ ಬೆನ್ನಿಗೆ ಬಂದ ಕಾಲರಾ ಸೇರಿ ಸುಮಾರು 4 ಲಕ್ಷ ಜನ ಸತ್ತರೆಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. ಟಾಲ್‌ಸ್ಟಾಯ್ ರ್‍ಯಾಜಾನ್ ಪ್ರಾಂತ್ಯದ ಹಳ್ಳಿಯಲ್ಲಿ ಗಂಜಿಕೇಂದ್ರ ತೆರೆದು ಕೂತದ್ದು ಆಗಲೇ. ನೇರ ತೆರಿಗೆಯ ಜೊತೆಗೆ ಸಕ್ಕರೆ, ಬೆಂಕಿಪೊಟ್ಟಣ, ಸೀಮೆಎಣ್ಣೆ, ತಂಬಾಕಿನ ಮೇಲೆ ಅಬಕಾರಿ ಸುಂಕವಿತ್ತು. 1890ರ ದಶಕದ ನಡುವಿನಿಂದ ವೋಡ್ಕಾ ಮಾರಾಟವನ್ನು ಸರ್ಕಾರವೇ ಕೈಗೆತ್ತಿಕೊಂಡಿತು. 1913ರ ಹೊತ್ತಿಗೆ ಬೊಕ್ಕಸದ ಆದಾಯದಲ್ಲಿ ನಾಲ್ಕನೇ ಒಂದರಷ್ಟು ವೋಡ್ಕಾದಿಂದಲೇ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಹಳ್ಳಿ ಪೂರ್ತಿ ಬಡವಾಗುತ್ತಲೇ ಹೋಯಿತು ಎಂಬ ಹಳೆಯ ಚಿತ್ರವನ್ನು ಇಂದಿನ ಆರ್ಥಿಕ ಇತಿಹಾಸಕಾರರು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. 1885ರಿಂದ 1913ರವರೆಗೆ ರಾಷ್ಟ್ರೀಯ ಆದಾಯ ವರ್ಷಕ್ಕೆ ಶೇ. 3ಕ್ಕಿಂತ ಹೆಚ್ಚಾಗಿ ಬೆಳೆಯಿತು. ಜನಸಂಖ್ಯೆ ಬೆಳೆದದ್ದು ಶೇ. 1.5ರ ಆಸುಪಾಸು. ಸರಾಸರಿಯಲ್ಲಿ ರೈತನೂ ಸ್ವಲ್ಪ ಮೇಲೆ ಬಂದ ಎನ್ನಲು ಆಧಾರವಿದೆ. ಆದರೆ ಸರಾಸರಿ ಉಂಡರೆ ಹೊಟ್ಟೆ ತುಂಬುವುದಿಲ್ಲ. ವೋಲ್ಗಾ ದಂಡೆಯವನ ಪಾಡು ಬೇರೆ, ಬಂದರಿಗೆ ಹತ್ತಿರದ ದಕ್ಷಿಣದ ಹುಲ್ಲುಗಾವಲಿನವನ ಪಾಡು ಬೇರೆ.

ಕಾರ್ಖಾನೆಗಳು ಎಲ್ಲಿ ಹುಟ್ಟಿದವು ಎಂದು ನೋಡಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಜಾನ್ ಹ್ಯೂಸ್ ಎಂಬ ವೇಲ್ಸ್‌ನವನು 1870ರಲ್ಲಿ ಸುಮಾರು ನೂರು ಕೆಲಸಗಾರರನ್ನು ಕರೆದುಕೊಂಡು ದೊನೆತ್ಸ್ ಬಯಲಿಗೆ ಬಂದ. ಸುತ್ತ ಹುಲ್ಲುಗಾವಲು, ನೆಲದಡಿ ಕಲ್ಲಿದ್ದಲು. 1872ರಲ್ಲಿ ಅವನ ಕುಲುಮೆಯಿಂದ ಕಬ್ಬಿಣ ಹರಿಯಿತು. ಅವನ ಹೆಸರಿನಿಂದಲೇ ಊರಿಗೆ ಯೂಜೊವ್ಕಾ ಎಂದಾಯಿತು, ಇವತ್ತಿನ ದೊನೆತ್ಸ್ಕ್ ಅದೇ. 1884ರಲ್ಲಿ ಕ್ರಿವೊಯ್ ರೋಗ್‌ನ ಅದಿರಿಗೂ ದೊನೆತ್ಸ್ ಕಲ್ಲಿದ್ದಲಿಗೂ ರೈಲು ಕೂಡಿದ ಮೇಲೆ ಬೆಲ್ಜಿಯಂ, ಫ್ರಾನ್ಸ್ ಕಂಪನಿಗಳು ಸಾಲುಗಟ್ಟಿ ಬಂದವು. ಜೀತದಾಳುಗಳಿಂದ, ಮರದ ಇದ್ದಲಿನಿಂದ ಶತಮಾನಕ್ಕೂ ಮೀರಿ ಕಬ್ಬಿಣ ತೆಗೆಯುತ್ತಿದ್ದ ಉರಲ್ ಹಿಂದೆ ಬಿತ್ತು. 1900ರ ಹೊತ್ತಿಗೆ ದೇಶದ ಬೀಡುಕಬ್ಬಿಣದಲ್ಲಿ ಅರ್ಧಕ್ಕೂ ಹೆಚ್ಚು ದಕ್ಷಿಣದ್ದು.

ಯೂಜೊವ್ಕಾದ ಜನಸಂಖ್ಯೆ ಹತ್ತಾರು ಸಾವಿರಕ್ಕೆ ಬೆಳೆಯಿತು. ಆದರೆ 1917ರವರೆಗೆ ಅದಕ್ಕೆ ಪಟ್ಟಣದ ಸ್ಥಾನವೇ ಸಿಗಲಿಲ್ಲ. ಕಾನೂನಿನ ಲೆಕ್ಕದಲ್ಲಿ ಅದು ಕಂಪನಿ ಜಾಗದ ಒಂದು ವಸತಿ. ಪಟ್ಟಣವಾಗಿದ್ದರೆ ಪುರಸಭೆ, ಚುನಾಯಿತ ಸದಸ್ಯರು, ಅವರಿಗೊಂದು ಲೆಕ್ಕಪತ್ರ ಇರುತ್ತಿತ್ತು. ಇಲ್ಲಿ ಬೀದಿ, ನೀರು, ಆಸ್ಪತ್ರೆ ಎಲ್ಲ ಕಂಪನಿ ಮನಸ್ಸು ಮಾಡಿದಷ್ಟು. 1892ರಲ್ಲಿ ಕಾಲರಾ ಬಂದಾಗ ಊರಿನಲ್ಲಿ ದೊಡ್ಡ ಗಲಭೆಯಾಯಿತು. ಅದನ್ನು ಅಡಗಿಸಲು ಬಂದದ್ದು ಸೈನ್ಯ. ಮಾಸ್ಕೋ ಹತ್ತಿರದ ಅರಳೆ ಮಿಲ್ಲುಗಳ ಊರು ಒರೆಖೊವೊ-ಜುಯೆವೊ ಕೂಡ ಪಟ್ಟಣವಾದದ್ದು 1917ರಲ್ಲೇ. ನಾನು ಮೇಲೆ ಹೇಳಿದ ಗಂಟು ವ್ಯಕ್ತಿಗೆ ಮಾತ್ರ ಇರಲಿಲ್ಲ, ಇಡೀ ಊರುಗಳಿಗೇ ಇತ್ತು.

ಬಾಕುವಿನ ಎಣ್ಣೆಯ ಕಥೆ ಇನ್ನೊಂದು ಬಗೆಯದು. ಲುದ್ವಿಗ್ ನೊಬೆಲ್‌ಗೆ ಬಂದೂಕಿನ ಹಿಡಿಗೆ ಆಕ್ರೋಟ್ ಮರ ಬೇಕಾಗಿತ್ತು. ಅದನ್ನು ಹುಡುಕಲು 1873ರಲ್ಲಿ ಅವನ ಅಣ್ಣ ರಾಬರ್ಟ್ ಕಾಕಸಸ್‌ಗೆ ಹೋದ. ಮರದ ದುಡ್ಡಿನಲ್ಲಿ ಎಣ್ಣೆ ಶುದ್ಧೀಕರಿಸುವ ಒಂದು ಕಾರ್ಖಾನೆ ಕೊಂಡ. ಅದರ ಹಿಂದಿನ ವರ್ಷವಷ್ಟೇ ಎಣ್ಣೆ ಬಾವಿಗಳ ಹಳೆಯ ಗುತ್ತಿಗೆ ಪದ್ಧತಿ ಹೋಗಿ ಹರಾಜು ಬಂದಿತ್ತು. ನೊಬೆಲ್ ಸಹೋದರರು ಕೊಳವೆ ಹಾಕಿದರು. ಎಣ್ಣೆಯನ್ನು ಪೀಪಾಯಿಯಲ್ಲಿ ತುಂಬದೆ ಹಡಗಿನ ಹೊಟ್ಟೆಗೇ ಸುರಿದು ಸಾಗಿಸುವ 'ಜೊರಾಸ್ಟರ್' ಹಡಗನ್ನು 1878ರಲ್ಲಿ ಕ್ಯಾಸ್ಪಿಯನ್‌ಗೆ ಇಳಿಸಿದರು. 1883ರಲ್ಲಿ ಬಾಕುವಿನಿಂದ ಕಪ್ಪು ಸಮುದ್ರದ ಬಾತುಮ್‌ಗೆ ರೈಲಾಯಿತು. 20ನೇ ಶತಮಾನ ಹುಟ್ಟುವಾಗ ಜಗತ್ತಿನ ಕಚ್ಚಾ ಎಣ್ಣೆಯಲ್ಲಿ ಅರ್ಧದಷ್ಟು ಬಾಕುವಿನದು. ಬಾತುಮ್‌ನ ಸೀಮೆಎಣ್ಣೆ ಸೂಯೆಜ್ ಮೂಲಕ ಏಷ್ಯಾಕ್ಕೆ ಹೊರಟಿತು. ನಮ್ಮ ಬಂದರುಗಳಲ್ಲೂ ಅದು ಅಮೆರಿಕದ, ಬರ್ಮಾದ ಎಣ್ಣೆಯ ಜೊತೆ ಪೈಪೋಟಿಗೆ ಇಳಿಯಿತು. ಬಾಕುವಿಗೆ ಹೋದವರು ಪಕ್ಕದ ಸುರಖಾನಿಯ ಅಗ್ನಿಗುಡಿ ನೋಡಬೇಕು. ಭಾರತದಿಂದ ಹೋದ ವ್ಯಾಪಾರಿಗಳು, ಸಾಧುಗಳು ಪೂಜೆ ಮಾಡುತ್ತಿದ್ದ ಜಾಗ ಅದು. ನಾಗರಿ, ಗುರುಮುಖಿ ಲಿಪಿಯ ಶಾಸನಗಳು ಅಲ್ಲಿ ಇಂದಿಗೂ ಇವೆ. ಎಣ್ಣೆಯ ಉದ್ಯಮ ಬೆಳೆದದ್ದು ಆ ಗುಡಿಯ ಸುತ್ತಲೇ. 1905ರ ಆಗಸ್ಟಿನಲ್ಲಿ ಅರ್ಮೇನಿಯನ್ನರಿಗೂ ಮುಸ್ಲಿಮರಿಗೂ ನಡೆದ ಕಾಳಗದಲ್ಲಿ ಬಾವಿಗಳಿಗೆ ಬೆಂಕಿ ಬಿತ್ತು. ಕ್ರಾಂತಿಯವರೆಗೂ ಬಾಕು ಹಳೆಯ ಮಟ್ಟಕ್ಕೆ ಮರಳಲಿಲ್ಲ.

ನೀವು ಧಾರವಾಡದವರಾದ್ದರಿಂದ ಹತ್ತಿಯ ಮಾತನ್ನೂ ಆಡಿಬಿಡುತ್ತೇನೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಲ್ಯಾಂಕಾಶೈರ್ ನಿಮ್ಮ ಸೀಮೆಯ ಹತ್ತಿಯ ಕಡೆ ತಿರುಗಿತು. ಮಾಸ್ಕೋದ ಮಿಲ್ ಮಾಲೀಕರು ಅದೇ ಕಾರಣಕ್ಕೆ ಮಧ್ಯ ಏಷ್ಯಾದ ಕಡೆ ನೋಡಿದರು. 1865ರಲ್ಲಿ ತಾಷ್ಕೆಂಟ್ ರಷ್ಯಾದ ಕೈಸೇರಿತು. ಮುಂದೆ ರೈಲು ಹೋಯಿತು, ಅಮೆರಿಕದ ತಳಿಯ ಬೀಜ ಹೋಯಿತು, ಹೊರಗಿನ ಹತ್ತಿಗೆ ಸುಂಕ ಬಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ರಷ್ಯಾದ ಮಿಲ್ಲುಗಳು ಬಳಸುವ ಹತ್ತಿಯಲ್ಲಿ ಅರ್ಧದಷ್ಟು ಸಾಮ್ರಾಜ್ಯದ ಒಳಗಿನದೇ. ಫರ್ಗಾನಾದ ರೈತ ಜೋಳ, ಗೋಧಿ ಬಿಟ್ಟು ಹತ್ತಿ ಬೆಳೆದು ಹೊರಗಿನ ಧಾನ್ಯ ನಂಬಿ ಕೂತ. ವಿಟ್ಟೆ ಯೂರೋಪಿನ ಮುಂದೆ ರಷ್ಯಾವನ್ನು ವಸಾಹತು ಎಂದನಲ್ಲ, ರಷ್ಯಾಕ್ಕೂ ತನ್ನದೇ ವಸಾಹತುಗಳಿದ್ದವು.

ಆ ಹತ್ತಿ ನೇಯುತ್ತಿದ್ದವರಲ್ಲಿ ಮೊರೊಜೊವ್ ಮನೆತನ ದೊಡ್ಡದು. ಮನೆತನದ ಮೂಲಪುರುಷ ಸಾವಾ ಜೀತದಾಳು. 1820ರಲ್ಲಿ ದುಡ್ಡು ಕೊಟ್ಟು ತನ್ನನ್ನೂ ಕುಟುಂಬವನ್ನೂ ಬಿಡಿಸಿಕೊಂಡವನು. ಮಗ ತಿಮೊಫೇಯ್ ಕಾಲಕ್ಕೆ ಒರೆಖೊವೊ-ಜುಯೆವೊದ ಮಿಲ್ಲಿನಲ್ಲಿ ಸಾವಿರಾರು ಜನ. ಅಲ್ಲಿನ ಆಳು ಸಂಬಳದ ದಿನ ಕೈಗೆ ಬಂದದ್ದನ್ನು ಎಣಿಸಿದರೆ ದಂಡದ್ದೇ ದೊಡ್ಡ ಕಡಿತ. ಬಟ್ಟೆಯಲ್ಲಿ ಎಳೆ ತಪ್ಪಿದರೆ ದಂಡ, ತಡವಾದರೆ ದಂಡ, ಹಾಡಿದರೂ ದಂಡ. ಕೆಲವರಿಗೆ ಸಂಬಳದ ಕಾಲು ಭಾಗ ಹೀಗೇ ಹೋಗುತ್ತಿತ್ತು. ದಂಡದ ಹಣ ಸೇರುವುದು ಮಾಲೀಕನ ಪೆಟ್ಟಿಗೆಗೆ. 1885ರ ಜನವರಿಯಲ್ಲಿ ಹಬ್ಬದ ರಜೆಯನ್ನು ಕೆಲಸದ ದಿನ ಎಂದು ಘೋಷಿಸಿದಾಗ ಜನ ಸಿಡಿದರು. ಅಂಗಡಿ, ಮೇಸ್ತ್ರಿಗಳ ಮನೆ ಒಡೆದರು. ಮೊಯಿಸೆಯೆಂಕೊ, ವೋಲ್ಕೊವ್ ಎಂಬ ಇಬ್ಬರು ನೇಕಾರರು ಬೇಡಿಕೆಗಳನ್ನು ಬರೆದು ಗವರ್ನರ್‌ಗೆ ಕೊಟ್ಟರು. ವ್ಲಾದಿಮಿರ್‌ನಲ್ಲಿ ವಿಚಾರಣೆಯಾದಾಗ ಜ್ಯೂರಿಯವರ ಮುಂದಿಟ್ಟ 101 ಪ್ರಶ್ನೆಗೂ ಬಂದ ಉತ್ತರ ಒಂದೇ: ತಪ್ಪಿತಸ್ಥರಲ್ಲ. ಮಿಲ್ಲಿನ ಲೆಕ್ಕದ ಪುಸ್ತಕಗಳೇ ಮಾಲೀಕನ ವಿರುದ್ಧ ಸಾಕ್ಷಿ ನುಡಿದಿದ್ದವು. 1886ರ ಜೂನ್ 3ರ ಕಾನೂನು ಬಂದದ್ದು ಇದರಿಂದ. ದಂಡಕ್ಕೆ ಮಿತಿ ಬಂತು, ದಂಡದ ಹಣ ಕೆಲಸಗಾರರ ನೆರವಿಗೇ ಹೋಗಬೇಕೆಂದಾಯಿತು, ಪ್ರತಿಯೊಬ್ಬನ ಕೈಗೆ ಸಂಬಳದ ಪುಸ್ತಕ ಬಂತು. ಅದೇ ಕಾನೂನು ಮುಷ್ಕರವನ್ನು ಜೈಲಿಗೆ ಕಳಿಸುವ ಅಪರಾಧವನ್ನಾಗಿಯೂ ಮಾಡಿತು.

ಕೆಲಸದ ಹೊರಗೆ ಈ ಜನ ಹೇಗಿದ್ದರು? ಒಂದೇ ಊರಿನ, ಒಂದೇ ಸೀಮೆಯ ಹತ್ತು ಹದಿನೈದು ಗಂಡಸರು ಸೇರಿ ಆರ್ಟೆಲ್ ಕಟ್ಟಿಕೊಳ್ಳುತ್ತಿದ್ದರು. ಒಂದು ಮನೆ ಬಾಡಿಗೆಗೆ, ಅಡಿಗೆಗೆ ಒಬ್ಬ ಹೆಂಗಸು, ಲೆಕ್ಕಕ್ಕೆ ಒಬ್ಬ ಹಿರಿಯ. ನಡುವೆ ಒಂದೇ ದೊಡ್ಡ ಬೋಗುಣಿ, ಸುತ್ತ ಕೂತು ಮರದ ಸೌಟಿನಲ್ಲಿ ಎಲೆಕೋಸಿನ ಸಾರು. ಮೊದಲು ಬರೀ ಸಾರು ಕುಡಿಯಬೇಕು, ಮಾಂಸದ ತುಂಡು ಮುಟ್ಟುವ ಹಾಗಿಲ್ಲ. ಹಿರಿಯ ಬೋಗುಣಿಯ ಅಂಚಿಗೆ ಸೌಟಿನಿಂದ ತಟ್ಟಿದ ಮೇಲೆ ಎಲ್ಲರೂ ತುಂಡು ತೆಗೆದುಕೊಳ್ಳಬಹುದು. ಆರ್ಟೆಲ್‌ಗೂ ದುಡ್ಡು ಸಾಲದವರು ಕೋಣೆಯ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿಯುತ್ತಿದ್ದರು. ರಾತ್ರಿ ಪಾಳಿಯವನು ಎದ್ದುಹೋದ ಹಾಸಿಗೆಯಲ್ಲೇ ಹಗಲು ಪಾಳಿಯವನು ಮಲಗುವುದೂ ಇತ್ತು. ಹೆಂಡತಿ ಮಕ್ಕಳು ಊರಲ್ಲಿ. ಜಮೀನಿನ ಪಾಲು ಬಿಡಲಾಗದು, ಬಿಟ್ಟರೆ ಮುಪ್ಪಿನಲ್ಲಿ ಹೋಗಲು ಜಾಗವಿಲ್ಲ. ಹಳ್ಳಿಯ ಈ ಒಗ್ಗಟ್ಟು ಕಾರ್ಖಾನೆಯಲ್ಲಿ ಮುಷ್ಕರದ ಒಗ್ಗಟ್ಟಾಗಿ ಬದಲಾಗುತ್ತದೆಂದು ಅಧಿಕಾರಿಗಳು ಅಂದುಕೊಂಡಿರಲಿಲ್ಲ. ಮೀರ್ ಇರುವವರೆಗೆ ಯೂರೋಪಿನಂಥ ಕಾರ್ಮಿಕ ವರ್ಗ ಹುಟ್ಟುವುದಿಲ್ಲ ಎಂದೇ ಅವರ ನಂಬಿಕೆ.

ಇದರ ಮೇಲೆ ಕಾರ್ಖಾನೆಗಳ ಗಾತ್ರವನ್ನು ಸೇರಿಸಿ. ಯುದ್ಧದ ಹೊತ್ತಿಗೆ ಕೆಲಸಗಾರರಲ್ಲಿ ಸುಮಾರು ಐದರಲ್ಲಿ ಎರಡು ಪಾಲು ಸಾವಿರಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಗಳಲ್ಲಿದ್ದರು. ಅಮೆರಿಕದಲ್ಲೂ ಈ ಪ್ರಮಾಣ ಇಷ್ಟಿರಲಿಲ್ಲ. ಒಂದು ಗೇಟಿನ ಮುಂದೆ ಹತ್ತು ಸಾವಿರ ಜನ ಕೂಡಲು ಒಂದು ಶಿಳ್ಳೆ ಸಾಕು.

ಸರ್ಕಾರದಲ್ಲೇ ಎರಡು ಮನಸ್ಸಿತ್ತು. ಕಾರ್ಖಾನೆ ಇನ್‌ಸ್ಪೆಕ್ಟರುಗಳು ಹಣಕಾಸು ಇಲಾಖೆಯವರು. ಉತ್ಪಾದನೆ ನಿಲ್ಲಬಾರದು, ಮಾಲೀಕನೂ ಬಿಟ್ಟುಹೋಗಬಾರದು ಎಂಬುದು ಅವರ ಚಿಂತೆ. ಪೊಲೀಸರು ಒಳಾಡಳಿತ ಇಲಾಖೆಯವರು. ಗಲಾಟೆ ಆಗಬಾರದು, ಬೇಕಾದರೆ ಮಾಲೀಕನ ಕಿವಿ ಹಿಂಡೋಣ ಎಂಬುದು ಇವರದು. 1897ರಲ್ಲಿ ದಿನದ ದುಡಿಮೆಗೆ ಹನ್ನೊಂದೂವರೆ ಗಂಟೆಯ ಮಿತಿ ಬಂದದ್ದು ಪೀಟರ್ಸ್‌ಬರ್ಗ್‌ನ ಮಿಲ್ ಮುಷ್ಕರಗಳ ನಂತರ. 1901ರಲ್ಲಿ ಮಾಸ್ಕೋ ಗುಪ್ತಚರ ಪೊಲೀಸ್ ಮುಖ್ಯಸ್ಥ ಜುಬಾತೊವ್ ಪೊಲೀಸರ ನೆರಳಲ್ಲೇ ಕಾರ್ಮಿಕ ಸಂಘ ಕಟ್ಟಿಸಿದ. ಮರುವರ್ಷ ಫೆಬ್ರವರಿಯಲ್ಲಿ ಸುಮಾರು 50,000 ಕೆಲಸಗಾರರು ಎರಡನೇ ಅಲೆಕ್ಸಾಂಡರನ ಪ್ರತಿಮೆಗೆ ಮೆರವಣಿಗೆಯಲ್ಲಿ ಹೋದರು. ಸಂಘ ಕಟ್ಟುವುದನ್ನು ಜನ ಕಲಿತರು, ಕಲಿಸಿದವರ ಕೈ ಮೀರಿ ಹೋದರು. ಪೀಟರ್ಸ್‌ಬರ್ಗ್‌ನಲ್ಲಿ ಪಾದ್ರಿ ಗಪೋನ್ ಸಂಘವೂ ಇದೇ ಬೇರಿನದು. ಪುತಿಲೊವ್ ಕಾರ್ಖಾನೆಯಿಂದ ನಾಲ್ವರನ್ನು ತೆಗೆದುಹಾಕಿದ ಜಗಳ ಮುಷ್ಕರವಾಗಿ, ಮುಷ್ಕರ ಮೆರವಣಿಗೆಯಾಗಿ, 1905ರ ಜನವರಿ 9ರ ಭಾನುವಾರ ಅರಮನೆಗೆ ಅರ್ಜಿ ಹಿಡಿದು ಹೊರಟವರ ಮೇಲೆ ಗುಂಡು ಹಾರಿತು. (ಇವೆಲ್ಲ ರಷ್ಯಾದ ಹಳೆಯ ಪಂಚಾಂಗದ ದಿನಾಂಕಗಳು.) ಕಾನೂನುಬದ್ಧ ಕಾರ್ಮಿಕ ಸಂಘಗಳಿಗೆ 1906ರ ಮಾರ್ಚ್‌ನಲ್ಲಿ ಅನುಮತಿ ಸಿಕ್ಕಿತು. ಇಪ್ಪತ್ತು ವರ್ಷ ಮುಂಚೆ, ಮೊರೊಜೊವ್ ಮಿಲ್ಲಿನ ತೀರ್ಪಿನ ಬೆನ್ನಿಗೇ ಅದು ಸಿಕ್ಕಿದ್ದರೆ ಎಂಬ ಯೋಚನೆ ನನಗೆ ಪದೇ ಪದೇ ಬರುತ್ತದೆ.

1906ರ ನಂತರದ ಎಂಟು ವರ್ಷವನ್ನು ಪಾಠದಲ್ಲಿ ದಯವಿಟ್ಟು ಹಾರಿಸಬೇಡಿ. ಪ್ರಧಾನಿ ಸ್ತೊಲಿಪಿನ್ ಮೀರ್‌ನಿಂದ ಹೊರಬಂದು ತನ್ನ ಪಾಲನ್ನು ಸ್ವಂತ ಮಾಡಿಕೊಳ್ಳಲು ರೈತನಿಗೆ ದಾರಿ ತೆರೆದ. ಯುದ್ಧದ ಹೊತ್ತಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳು ಹಾಗೆ ಮಾಡಿದವು. ಲಕ್ಷಾಂತರ ಜನ ಸೈಬೀರಿಯಾಕ್ಕೆ ಹೊರಟರು. ಅಲ್ಲಿನ ಬೆಣ್ಣೆಯ ಕಥೆ ನನಗೆ ಬಹಳ ಇಷ್ಟ. ಸೈಬೀರಿಯಾದ ಅಗ್ಗದ ಧಾನ್ಯ ಬಂದು ತಮ್ಮ ಬೆಲೆ ಬೀಳಿಸದಿರಲೆಂದು ಯೂರೋಪ್ ಭಾಗದ ಭೂಮಾಲೀಕರು ಸೈಬೀರಿಯಾದ ಬಾಗಿಲಲ್ಲಿರುವ ಚೆಲ್ಯಾಬಿನ್ಸ್ಕ್‌ನಲ್ಲಿ ರೈಲು ದರದ ಲೆಕ್ಕವನ್ನು ಎರಡು ತುಂಡು ಮಾಡಿಸಿದ್ದರು. ದೂರ ಹೆಚ್ಚಿದಷ್ಟೂ ಮೈಲಿಗೆ ದರ ಇಳಿಯಬೇಕು, ಆದರೆ ಚೆಲ್ಯಾಬಿನ್ಸ್ಕ್ ದಾಟಿದ ಧಾನ್ಯಕ್ಕೆ ಲೆಕ್ಕ ಮತ್ತೆ ಮೊದಲಿನಿಂದ. ಧಾನ್ಯ ಕಳಿಸಿದರೆ ಗಿಟ್ಟದು ಎಂದಾಗ ರೈತರು ದನ ಸಾಕಿ ಹಾಲನ್ನು ಬೆಣ್ಣೆ ಮಾಡಿದರು. ಕಡಿಮೆ ತೂಕ, ಹೆಚ್ಚು ಬೆಲೆ. ಹಳ್ಳಿ ಹಳ್ಳಿಯಲ್ಲಿ ಕೆನೆ ತೆಗೆಯುವ ಯಂತ್ರ ಬಂತು. ಮರದ ಪೀಪಾಯಿಗಳಲ್ಲಿ ತುಂಬಿದ ಬೆಣ್ಣೆ, ಮಂಜುಗಡ್ಡೆ ಇಟ್ಟ ಬೋಗಿಗಳಲ್ಲಿ ಬಾಲ್ಟಿಕ್ ಬಂದರು ಸೇರಿ, ಅಲ್ಲಿಂದ ಲಂಡನ್‌ಗೆ. ಮೊದಲು ಡೆನ್ಮಾರ್ಕ್ ವ್ಯಾಪಾರಿಗಳ ಕೈಯಲ್ಲಿದ್ದ ವ್ಯವಹಾರದಲ್ಲಿ 1907ರಿಂದ ಕುರ್ಗಾನ್‌ನ ಬಲಾಕ್ಷಿನ್ ಕಟ್ಟಿದ ರೈತ ಸಹಕಾರಿ ಒಕ್ಕೂಟವೂ ಪಾಲು ಪಡೆಯಿತು. ಸೈಬೀರಿಯಾದ ಎಲ್ಲ ಚಿನ್ನದ ಗಣಿಗಿಂತ ಎರಡು ಪಟ್ಟು ಚಿನ್ನ ಬೆಣ್ಣೆಯಿಂದ ಬರುತ್ತಿದೆ ಎಂದು ಸ್ತೊಲಿಪಿನ್ ಬರೆದ. ಇತ್ತ ಪೊದೊಲ್ಸ್ಕ್‌ನಲ್ಲಿ 1902ರಿಂದ ಸಿಂಗರ್ ಕಂಪನಿ ಹೊಲಿಗೆ ಯಂತ್ರ ಮಾಡುತ್ತಿತ್ತು. ಏಜೆಂಟರು ಹಳ್ಳಿಗೆ ಬಂದು ಕಂತಿನ ಮೇಲೆ ಕೊಡುತ್ತಿದ್ದರು. ರೈತನ ಗುಡಿಸಲಿನಲ್ಲಿ ಇವಾನೊವೊದ ಚೀಟಿ ಬಟ್ಟೆ, ಸೀಮೆಎಣ್ಣೆ ದೀಪ, ಒಂದು ಹೊಲಿಗೆ ಯಂತ್ರ: ಇದೂ ಆಧುನಿಕತೆಯೇ, ಅದನ್ನು ಬಯಸಿ ತಂದವರು ಆ ಜನರೇ.

ಹಾಗಾದರೆ ಯಾಕೆ ಕುಸಿಯಿತು? ಯುದ್ಧವೊಂದೇ ಕಾರಣ ಎನ್ನುವವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. 1912ರ ಏಪ್ರಿಲ್‌ನಲ್ಲಿ ಸೈಬೀರಿಯಾದ ಲೆನಾ ಚಿನ್ನದ ಗಣಿಯಲ್ಲಿ ಕೆಟ್ಟ ಮಾಂಸ ಕೊಟ್ಟದ್ದರಿಂದ ಹತ್ತಿದ ಮುಷ್ಕರದ ಮೇಲೆ ಸೈನಿಕರು ಗುಂಡು ಹಾರಿಸಿ ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಒಳಾಡಳಿತ ಮಂತ್ರಿ ಮಕಾರೊವ್ ಡೂಮಾ ಎಂಬ ಚುನಾಯಿತ ಸಭೆಯಲ್ಲಿ ನಿಂತು, ಹೀಗೇ ನಡೆದುಬಂದಿದೆ, ಮುಂದೆಯೂ ಹೀಗೇ ನಡೆಯುತ್ತದೆ ಎಂದ. ಮುಷ್ಕರದ ಅಲೆ ಮತ್ತೆ ಎದ್ದಿತು. 1914ರ ಜುಲೈನಲ್ಲಿ, ಯುದ್ಧ ಘೋಷಣೆಗೆ ಕೆಲವೇ ದಿನ ಮುಂಚೆ, ರಾಜಧಾನಿಯ ಬೀದಿಗಳಲ್ಲಿ ಅಡ್ಡಗಟ್ಟೆ ಎದ್ದಿದ್ದವು. ಅಂದರೆ ಉತ್ಪಾದನೆಯ ಗೆರೆ ಮೇಲೇರುತ್ತಿದ್ದ ವರ್ಷಗಳಲ್ಲೇ ಕೆಲಸಗಾರನಿಗೂ ಸರ್ಕಾರಕ್ಕೂ ನಡುವಿನ ಮಾತು ಮುರಿದುಹೋಗಿತ್ತು.

ಯುದ್ಧ ಉಳಿದದ್ದನ್ನು ಮಾಡಿತು. ಮೊದಲ ವರ್ಷವೇ ವೋಡ್ಕಾ ನಿಷೇಧಿಸಿ ಬೊಕ್ಕಸದ ದೊಡ್ಡ ಆದಾಯ ಕೈಬಿಟ್ಟರು, ಕೊರತೆಗೆ ನೋಟು ಅಚ್ಚು ಹಾಕಿದರು. 1916ರ ಹೊತ್ತಿಗೆ ಕಾರ್ಖಾನೆಗಳು ಫಿರಂಗಿ ಗುಂಡಿನ ಕೊರತೆ ಬಹುಪಾಲು ನೀಗಿಸಿದವು; ಕೈಗಾರಿಕೆ ಸೋಲಲಿಲ್ಲ ಎಂದು ನಾನು ಹೇಳುವುದಕ್ಕೆ ಇದೂ ಒಂದು ಆಧಾರ. ಆದರೆ ಕಾರ್ಖಾನೆಯೆಲ್ಲ ಯುದ್ಧಕ್ಕೆ ತಿರುಗಿದ್ದರಿಂದ ಹಳ್ಳಿಗೆ ಬಟ್ಟೆ, ಮೊಳೆ, ನೇಗಿಲು ಹೋಗಲಿಲ್ಲ. ಕೊಳ್ಳಲು ಏನೂ ಇಲ್ಲದಿದ್ದರೆ ರೈತ ಬೆಲೆಯಿಲ್ಲದ ನೋಟಿಗೆ ಧಾನ್ಯ ಯಾಕೆ ಮಾರುತ್ತಾನೆ? ಇದ್ದ ರೈಲು ರಣರಂಗಕ್ಕೆ ಓಡುತ್ತಿತ್ತು. ದಕ್ಷಿಣದಲ್ಲಿ ಧಾನ್ಯ ಇದ್ದರೂ ಉತ್ತರದ ರಾಜಧಾನಿಯಲ್ಲಿ ರೊಟ್ಟಿಗೆ ಸರದಿ. 1917ರ ಫೆಬ್ರವರಿ 22ರಂದು ಪುತಿಲೊವ್ ಕಾರ್ಖಾನೆ ಬಾಗಿಲು ಹಾಕಿಕೊಂಡಿತು. ಮರುದಿನ, ಮಹಿಳಾ ದಿನದಂದು (ಇವೂ ಹಳೆಯ ಪಂಚಾಂಗದ ದಿನಾಂಕಗಳೇ), ವಿಬೋರ್ಗ್ ಭಾಗದ ಅರಳೆ ಮಿಲ್ಲುಗಳ ಹೆಂಗಸರು ಕೆಲಸ ಬಿಟ್ಟು ಹೊರಬಂದು, ಪಕ್ಕದ ಲೋಹದ ಕಾರ್ಖಾನೆಗಳ ಗಂಡಸರನ್ನೂ ಕೂಗಿ ಕರೆದರು. ಒಂದು ವಾರದಲ್ಲಿ ಝಾರ್ ಸಿಂಹಾಸನ ಬಿಟ್ಟಿದ್ದ. ಅವರ ಮೇಲೆ ಗುಂಡು ಹಾರಿಸಲು ಒಪ್ಪದ ಸೈನಿಕರು ಬಹುತೇಕ ಸಮವಸ್ತ್ರ ತೊಟ್ಟ ರೈತರೇ. 1861ರಿಂದ ಸರ್ಕಾರ ಬೇರೆ ಬೇರೆ ಎಂದು ಎಣಿಸಿದ ಹಳ್ಳಿಯೂ ಕಾರ್ಖಾನೆಯೂ ಆ ಬೀದಿಗಳಲ್ಲಿ ಒಂದಾಗಿದ್ದವು.

ಸಾಲದ ಪ್ರಶ್ನೆ ಚಿಕ್ಕದು, ಉತ್ತರವೂ ಚಿಕ್ಕದು. 1914ರಲ್ಲಿ ಕಂಪನಿಗಳ ಷೇರು ಬಂಡವಾಳದಲ್ಲಿ ನೂರಕ್ಕೆ 40ರಷ್ಟು ವಿದೇಶಿಯರದು, ಅವರಲ್ಲಿ ಫ್ರೆಂಚರು ಮೊದಲು. ಸರ್ಕಾರದ ಸಾಲಪತ್ರಗಳನ್ನು 1888ರಿಂದ ಪ್ಯಾರಿಸ್‌ನಲ್ಲಿ ಮಾರಿದರು. ಕೊಂಡವರಲ್ಲಿ ಬ್ಯಾಂಕುಗಳಿಗಿಂತ ಹೆಚ್ಚಾಗಿ ಸಣ್ಣ ಅಂಗಡಿಯವರು, ನಿವೃತ್ತ ಶಿಕ್ಷಕರಂಥ ಉಳಿತಾಯದಾರರೇ ಇದ್ದರು. 1905ರ ನಂತರ ದಿವಾಳಿಯ ಅಂಚಿಗೆ ಬಂದಿದ್ದ ಸರ್ಕಾರವನ್ನು ಎತ್ತಿ ನಿಲ್ಲಿಸಿದ್ದು 1906ರ 225 ಕೋಟಿ ಫ್ರಾಂಕ್ ಸಾಲ. 1918ರ ಫೆಬ್ರವರಿಯಲ್ಲಿ, ಕ್ರಾಂತಿ ಮಾಡಿ ಅಧಿಕಾರ ಹಿಡಿದಿದ್ದ ಲೆನಿನ್‌ನ ಬೋಲ್ಶೆವಿಕ್ ಸರ್ಕಾರ ಝಾರ್ ಕಾಲದ ಎಲ್ಲ ಸಾಲವನ್ನೂ ಒಂದೇ ಆಜ್ಞೆಯಲ್ಲಿ ರದ್ದು ಮಾಡಿತು. 1996ರ ಒಪ್ಪಂದದಂತೆ ರಷ್ಯಾ ಫ್ರಾನ್ಸಿಗೆ 40 ಕೋಟಿ ಡಾಲರ್ ಕೊಟ್ಟಿತು. ಸಾಲಪತ್ರ ಉಳಿಸಿಕೊಂಡಿದ್ದ ಕುಟುಂಬಗಳಿಗೆ ಅದರಿಂದ ಬಂದದ್ದು ಮೂಲ ಬೆಲೆಯ ತೀರಾ ಸಣ್ಣ ಭಾಗ.